ಪಾಲುದಾರನ್ನ ಕೇಳಿದ್ರಾ ಸಾರ್?

ಗೌರಿಬಿದನೂರಿನ ನಮ್ ಫ್ಯಾಕ್ಟ್ರೀಲಿ ಒಬ್ರು ಸ್ಟೋರ್ ಕೀಪರ್ ಇದ್ರು. ಮಂಚೇನಹಳ್ಳಿ ಕಡೆಯೋರು. ಕನ್ನಡಕ ಹಣೆ ಮೇಲೆ, ಬೀಗದ ಕೈ ಗೊಂಚಲು ಸೊಂಟದಲ್ಲಿ. ಏನೇ ಕೇಳಿದ್ರೂ "ಆಗ್ಲಿ, ನೋಡಣ" ಅನ್ನೋರು. ಅಂದ್ಮೇಲೆ ಕೊಡ್ತಿರ್ಲಿಲ್ಲ.

ಎರಡು ಸಾವಿರದ ಐದೋ ಆರೋ ಇರ್ಬೇಕು, ಓನರ್ರು ಹಳೇ ಕೆಲಸಗಾರರಿಗೆಲ್ಲ ಕಂಪ್ನಿ ಶೇರು ಕೊಟ್ರು. ನಾವು ಸ್ವೀಟ್ ತಿಂದು ಮರ್ತ್ವಿ. ಇವರು ಮರೀಲಿಲ್ಲ. ಊರಲ್ಲಿ ಬೇರೆಯವ್ರ ಕುರೀನ ಪಾಲಿಗೆ ಸಾಕಿದ್ದೋರು. ಪಾಲಿನ ಕುರಿ ಮಾರ್ಬೇಕಾದ್ರೆ ಸಾಕಿದೋನ್ನೂ ಕೇಳ್ಬೇಕು ಅನ್ನೋದು ರೂಢಿ. ಶೇರು ಅಂದ್ರೂ ಅಷ್ಟೇ ಅಂತ ಇವರ ಲೆಕ್ಕ.

ಒಂದಿನ ಓನರ್ರು ನಮ್ಮ ದೊಡ್ಡ ಲೇತ್ ಮಿಷನ್ ಮಾರಿ, ಸಾಗ್ಸೋಕೆ ಲಾರಿ ಕರ್ಸಿದ್ರು. ಅದು ಹೋದ್ರೆ ಹೊಸದು ಬರೋವರ್ಗೂ ನಮ್ಗೆ ಕೆಲ್ಸಾನೂ ಇಲ್ಲ, ಸಂಬಳಾನೂ ಇಲ್ಲ. ಇವರು ಹೋಗಿ ಗೇಟಿಗೆ ಬೀಗ ಜಡಿದು ನಿಂತ್ಕೊಂಡ್ರು. ಲಾರಿ ಆಚೇನೇ ನಿಂತ್ಕೊಂತು.

ಓನರ್ರು ಓಡ್ಬಂದ್ರು. "ಏನಪ್ಪಾ ಇದು?"

"ಮಾರೋಕ್ ಮುಂಚೆ ಪಾಲುದಾರನ್ನ ಕೇಳಿದ್ರಾ ಸಾರ್?"

"ನಿನ್ ನಾಕು ಶೇರಿಗೆ ಲೇತ್ ಬರುತ್ತೇನಪ್ಪಾ?"

"ಪಾಲಿನ ಕುರೀಲಿ ಯಾವ ಕಾಲು ನಿಂದು ಅಂತ ಯಾರಾದ್ರೂ ಕೇಳ್ತಾರಾ ಸಾರ್?"

ನಾವೆಲ್ಲ ನಕ್ಬಿಟ್ವಿ. ಕಾನೂನು ಹಂಗಿಲ್ಲ ಕಣ್ರೀ, ಓನರ್ರಿಗೂ ಗೊತ್ತಿತ್ತು. ಆದ್ರೂ ಬಿಸಿಲಲ್ಲೇ ನಿಂತು ಅಂದ್ರು, "ಸರಿ, ಈಗ ಕೇಳ್ತಿದೀನಿ. ಏನ್ ಮಾಡಣ?"

"ಹೊಸದು ಬಂದು ಓಡ್ಲಿ. ಆಮೇಲೆ ಹಳೇದು ಹೋಗ್ಲಿ."

ಓನರ್ರು ಲಾರಿ ಡ್ರೈವರ್‌ಗೆ ಹೋಗಪ್ಪಾ ಅಂತ ಕೈ ಆಡ್ಸಿದ್ರು. ಲಾರಿ ಖಾಲಿ ವಾಪಸ್ ಹೋಯ್ತು. ಇವರು ನಮ್ ಕಡೆ ತಿರುಗಿದ್ರು.

"ಏನ್ರೋ ನೋಡ್ತೀರಾ? ಹೋಗಿ ಮಿಷನ್ ಆನ್ ಮಾಡ್ರೋ!"