ಪ್ರತಿ ವಸಂತಕ್ಕೊಂದು ತುಳಸಿ

ಲಂಡನ್ನಿನವರಿಗೆ ವಸಂತ ಬಂದದ್ದು ಡ್ಯಾಫೊಡಿಲ್ ಹೂವಿನಿಂದ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಮಾರ್ಚ್ ತಿಂಗಳ ಒಂದು ಶನಿವಾರ ನನ್ನ ಗಂಡ ಕಾರಿನ ಡಿಕ್ಕಿಗೆ ಹಳೆಯ ಪೇಪರ್ ಹಾಸುತ್ತಿದ್ದರು, ಅದೇ ನಮಗೆ ವಸಂತ. ನರ್ಸರಿಗೆ ಹೊರಟಿದ್ದೇವೆ ಎಂದು ಅರ್ಥ. ವಾರವಿಡೀ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಪಾಳಿ ಮಾಡಿ ಬರುವ ಮನುಷ್ಯ ಶನಿವಾರವಾದರೂ ಮಲಗಬಾರದೇ ಎಂದು ನಾನು ಗೊಣಗುತ್ತಿದ್ದೆ. ಗೊಣಗುತ್ತಲೇ ಕೋಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ.

ಇಲ್ಫರ್ಡಿನ ನಮ್ಮ ಸಾಲುಮನೆಯ ಹಿತ್ತಲಲ್ಲಿ ಒಂದು ಸೀರೆ ಒಣಹಾಕಿದರೆ ಜಾಗ ಮುಗಿಯಿತು. ಅಷ್ಟಕ್ಕೆ ಮೂರು ನರ್ಸರಿ ಸುತ್ತುವ ಅಗತ್ಯ ಏನಿತ್ತೋ. ಆದರೂ ಸುತ್ತುತ್ತಿದ್ದೆವು, ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲೆಲ್ಲ. ಮೊದಲನೆಯದು ಮನೆಯ ಹತ್ತಿರದ ದೊಡ್ಡ ಅಂಗಡಿ. ಅಲ್ಲಿ ಗಿಡಕ್ಕಿಂತ ಪ್ಲಾಸ್ಟಿಕ್ ಕುರ್ಚಿಗಳೇ ಜಾಸ್ತಿ. ಎರಡನೆಯದು ಉತ್ತರಕ್ಕೆ, ಊರು ಮುಗಿಯುವಲ್ಲಿ, ಕ್ರೂಸ್ ಹಿಲ್‌ನಲ್ಲಿ. ಅಲ್ಲಿ ರಸ್ತೆಯುದ್ದಕ್ಕೂ ನರ್ಸರಿಗಳೇ. ಅವುಗಳಲ್ಲಿ ಕೊನೆಗಿದ್ದ ಹಳೆಯ ಗಾಜಿನ ಮನೆ ಒಬ್ಬ ಸಿಸಿಲಿಯ ಮುದುಕನದು. ಒಳಗೆ ಕಾಲಿಟ್ಟರೆ ಬಿಸಿ ಹಬೆ, ಒದ್ದೆ ಮಣ್ಣಿನ ವಾಸನೆ, ಟೊಮ್ಯಾಟೊ ಸಸಿಗಳ ಒಗರು. ಹೊರಗಿನ ಚಳಿ ಮರೆತು ನನ್ನ ಗಂಡ ಕೋಟು ಬಿಚ್ಚಿ ನನ್ನ ತೋಳಿಗೆ ನೇತುಹಾಕಿ, ಸಾಲುಗಳ ನಡುವೆ ಮಾಯವಾಗುತ್ತಿದ್ದರು. ಮೂರನೆಯದನ್ನು ನರ್ಸರಿ ಎನ್ನುವುದೂ ತಪ್ಪು. ಪಿನ್ನರ್‌ನಲ್ಲಿ ಒಬ್ಬ ಗುಜರಾತಿ ಹೆಂಗಸು ತನ್ನ ಮನೆಯ ಹಿಂದಿನ ಗಾಜಿನ ಕೋಣೆಯಲ್ಲಿ ಹೀಟರ್ ಇಟ್ಟು ಗಿಡ ಬೆಳೆಸಿ ಪರಿಚಯದವರಿಗೆ ಮಾರುತ್ತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು.

ಈ ಸುತ್ತಾಟವೆಲ್ಲ ಒಂದು ತುಳಸಿ ಗಿಡಕ್ಕಾಗಿ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಧಾರವಾಡದಿಂದ ಕರೆದುಕೊಂಡು ಬಂದಿದ್ದೆವು. ಅವರು ಬಂದ ಮೊದಲ ಚಳಿಗಾಲದಲ್ಲಿ ಮುಂದಿನ ಕೋಣೆಯ ಕಿಟಕಿಯಲ್ಲಿಟ್ಟ ತುಳಸಿ ಒಣಗಿ ಕಡ್ಡಿಯಾಯಿತು. ಬಿಸಿಲಿಲ್ಲದ ಊರಿನಲ್ಲಿ ಅದು ಒಣಗದೆ ಇನ್ನೇನು ಮಾಡೀತು? ಆದರೆ ಅದೇ ವಾರ ಊರಿನಿಂದ ಫೋನ್ ಬಂತು. ಅತ್ತೆಯ ಒಬ್ಬನೇ ತಮ್ಮ ಹೋಗಿಬಿಟ್ಟಿದ್ದ. ತುಳಸಿ ಮೊದಲೇ ಹೇಳಿತ್ತು, ನಾನೇ ತಿಳಿಯಲಿಲ್ಲ ಎಂದು ಅತ್ತೆ ತಿಂಗಳುಗಟ್ಟಲೆ ಹಲುಬಿದರು. ಇನ್ನು ಮುಂದೆ ಒಣಗಿದ ತುಳಸಿ ಅವ್ವನ ಕಣ್ಣಿಗೆ ಬೀಳಬಾರದು ಎಂದು ನನ್ನ ಗಂಡ ಅಂದೇ ತೀರ್ಮಾನಿಸಿದರು.

ಆ ತೀರ್ಮಾನದ ಮೇಲೆ ನಮ್ಮ ವಸಂತಗಳೆಲ್ಲ ನಡೆದವು. ಒಮ್ಮೆ ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ ಬೇಸಿಲ್ ಗಿಡವನ್ನೇ ತಂದಿಟ್ಟೆವು. ಅತ್ತೆ ಒಂದೆಲೆ ಮುರಿದು ಮೂಸಿ, ಈ ಕಾಮಕಸ್ತೂರಿಗೆ ನನ್ನ ಕೈಲಿ ನಮಸ್ಕಾರ ಹಾಕಿಸಬೇಕು ಅಂತ ಮಾಡಿದ್ದೀರೇನು ಎಂದು ಕೇಳಿದರು. ಆಮೇಲೆ ನನ್ನ ಗಂಡ ಊರಿನಿಂದ ಬೀಜ ತರಿಸಿ ಸಿಸಿಲಿಯ ಮುದುಕನ ಕೈಗೆ ಕೊಟ್ಟರು. ಅವನು ಪ್ರತಿ ವರ್ಷ ಪೆಟುನಿಯಾ, ಪ್ಯಾನ್ಸಿಗಳ ನಡುವೆ ಒಂದು ಟ್ರೇ ತುಳಸಿ ಎಬ್ಬಿಸುತ್ತಿದ್ದ. ಇದನ್ನು ಯಾವ ಸಾರಿಗೆ ಹಾಕುತ್ತೀರಿ ಎಂದು ಕೇಳಿದ್ದಕ್ಕೆ, ಇದು ನಮ್ಮಮ್ಮನಿಗೆ ಎಂದಷ್ಟೇ ಇವರು ಹೇಳಿದ್ದರು. ಅಮ್ಮ ಎಂದ ಮೇಲೆ ಅವನು ಮತ್ತೇನೂ ಕೇಳಲಿಲ್ಲ. ಮಾರ್ಚಿಗೆ ಮೊದಲೇ ಗಿಡ ಹೋದರೆ ಪಿನ್ನರ್‌ನ ಹೆಂಗಸು ಇದ್ದಳು.

ಗಿಡ ಬದಲಾಯಿಸುವುದು ಅತ್ತೆ ಸ್ನಾನಕ್ಕೆ ಹೋದಾಗ. ಬಾಡತೊಡಗಿದ ಗಿಡ ಕಿತ್ತು ಅದೇ ಕುಂಡಕ್ಕೆ ಹೊಸದನ್ನು ನೆಟ್ಟು, ಚೆಲ್ಲಿದ ಮಣ್ಣನ್ನು ನಾನು ವ್ಯಾಕ್ಯೂಮ್ ಮಾಡುವಷ್ಟರಲ್ಲಿ ಅವರು ಮಡಿಯುಟ್ಟು ಬರುತ್ತಿದ್ದರು. ರಾತ್ರಿ ಬಾಡಿ ಜೋತಿದ್ದದ್ದು ಬೆಳಿಗ್ಗೆ ಹಸಿರಾಗಿ ನಿಂತಿದ್ದರೆ ಯಾವ ಮಗುವೂ ನಂಬುವುದಿಲ್ಲ. ಅತ್ತೆ ಕೈಮುಗಿದು, ಚಿಗಿತದ ನೋಡು ಎನ್ನುತ್ತಿದ್ದರು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ನಾವು ಮೂವರೂ ಕಣ್ಣುಮುಚ್ಚಿಕೊಂಡಿದ್ದೆವು. ನನಗೆ ಈ ನಂಬಿಕೆಗಳ ಮೇಲೆ ತಾತ್ಸಾರ. ಮೈಸೂರಿನಲ್ಲಿ ವಿಜ್ಞಾನ ಓದಿ ಬಂದವಳು ನಾನು, ಅದನ್ನು ದಿನಕ್ಕೊಮ್ಮೆ ಮನೆಯವರಿಗೆ ನೆನಪಿಸುತ್ತಲೂ ಇದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಶರತ್ಕಾಲದಲ್ಲಿ ನನ್ನ ಗಂಡನ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ಹೊಟ್ಟೆನೋವು ಎಂದು ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದರು, ಅಲ್ಲಿಂದ ಆಸ್ಪತ್ರೆಗೆ ಹೋದರು. ಮೇದೋಜೀರಕದಲ್ಲಿ ಹುಟ್ಟಿದ ಕ್ಯಾನ್ಸರ್ ಆಗಲೇ ಪಿತ್ತಜನಕಾಂಗಕ್ಕೆ ಹೋಗಿತ್ತು. ಡಾಕ್ಟರು ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿದರು. ಮೆತ್ತಗಿನ ದನಿಗೆ ನಾನು ಅಂದಿನಿಂದ ಹೆದರುತ್ತೇನೆ. ಕಾರಿಗೆ ಬಂದು ಕೂತ ಮೇಲೆ ಇವರು ಹೇಳಿದ್ದು ಒಂದೇ ಮಾತು.

"ಅವ್ವಗ ಗೊತ್ತಾಗಬಾರದು."

ಹೊಟ್ಟೆಹುಣ್ಣು ಎಂದು ಹೇಳಿದೆವು. ಖಾರ ತಿನ್ನಬಾರದಂತೆ ಎಂದು ಸೇರಿಸಿದೆ. ಅತ್ತೆ ಮರುದಿನದಿಂದ ಮಗನಿಗೆ ಬೇರೆ ಸಾರು ಮಾಡತೊಡಗಿದರು. ಡಿಸೆಂಬರಿನಲ್ಲಿ ಇವರಿಗೆ ಮೆಟ್ಟಿಲು ಹತ್ತಲಾಗದೆ ಮಂಚವನ್ನು ಕೆಳಗಿನ ಕೋಣೆಗೆ ತಂದೆವು, ತುಳಸಿಯ ಕಿಟಕಿಯ ಪಕ್ಕಕ್ಕೆ.

ಜನವರಿಯಲ್ಲಿ ಗಿಡ ಒಣಗಿತು. ಎಂದಿನದೇ ಒಣಗು, ಆದರೆ ಈ ಸಲ ನನಗೆ ಅದನ್ನು ನೋಡಲಾಗಲಿಲ್ಲ. ಟ್ಯೂಬ್ ರೈಲು ಹಿಡಿದು ಪಿನ್ನರ್‌ಗೆ ಹೋದೆ, ಒಂದು ಗಿಡವನ್ನು ಕೋಟಿನೊಳಗೆ ಇಟ್ಟುಕೊಂಡು ಬಂದೆ. ಕೆಲವೇ ದಿನಕ್ಕೆ ಅದರ ಎಲೆ ಜೋತುಬಿತ್ತು, ಆಮೇಲೆ ಉದುರಿತು. ಮತ್ತೆ ಹೋದೆ. ಆ ಹೆಂಗಸು ಈ ಸಲ ಮಾರಲು ಇಟ್ಟದ್ದರಲ್ಲೇ ದಪ್ಪಗಿನದನ್ನು ಆರಿಸಿ ಕೊಟ್ಟಳು. ಅದೂ ಹೋಯಿತು. ರೇಡಿಯೇಟರನ್ನು ಬೈದೆ, ಪಿನ್ನರ್‌ನವಳ ಮಣ್ಣನ್ನು ಬೈದೆ. ಅತ್ತೆ ಪ್ರತಿದಿನ ಬೆಳಿಗ್ಗೆ ತಂಬಿಗೆ ಹಿಡಿದು ಗಿಡದ ಮುಂದೆ ನಿಂತು ಕೈಮುಗಿದು ಒಳಗೆ ಹೋಗುತ್ತಿದ್ದರು. ಗಿಡ ಬದಲಾದದ್ದರ ಬಗ್ಗೆ ಈಗ ಚಿಗಿತದ ಎನ್ನುತ್ತಿರಲಿಲ್ಲ. ನನ್ನನ್ನು ಮಾತ್ರ ಒಂದು ಥರ ನೋಡುತ್ತಿದ್ದರು.

ಮಾರ್ಚ್ ಬರುತ್ತಲೇ ಕ್ರೂಸ್ ಹಿಲ್‌ಗೆ ಒಬ್ಬಳೇ ಹೋದೆ. ನನಗೆ ಕಾರು ಓಡಿಸಲು ಬಾರದು. ರೈಲು ಬದಲಿಸಿ, ಕೆಸರು ತುಳಿದು ಹೋದೆ. ಮುದುಕ ನಿನ್ನ ಗಂಡ ಎಲ್ಲಿ ಎಂದ. ಹುಷಾರಿಲ್ಲ ಎಂದೆ. ಅವನು ಕೊಟ್ಟ ಗಿಡ ಎಷ್ಟು ಸೊಂಪಾಗಿತ್ತೆಂದರೆ ರೈಲಿನಲ್ಲಿ ಪಕ್ಕದವರು ಮೂಗರಳಿಸಿ ನನ್ನತ್ತ ತಿರುಗಿದರು. ಈ ಗಿಡ ಸಾಯಬಾರದು ಎಂದು ಅದನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದೆ. ಗಿಡ ಬದುಕಿದರೆ ಇವರು ಬದುಕುತ್ತಾರೆ ಎಂಬ ಮಾತು ಮನಸ್ಸಿನಲ್ಲಿ ಎದ್ದಾಗ ವಿಜ್ಞಾನ ಓದಿದವಳಿಗೆ ನಾಚಿಕೆಯೂ ಆಗಲಿಲ್ಲ.

ಅದನ್ನು ನೆಟ್ಟು ಒಂದು ವಾರವಾಗಿರಬೇಕು. ಬೆಳಿಗ್ಗೆ ಅಡುಗೆಮನೆಗೆ ಬಂದರೆ ಅತ್ತೆ ತುಂಬಿದ ತಂಬಿಗೆಯನ್ನು ಸಿಂಕಿಗೆ ಬಗ್ಗಿಸುತ್ತಿದ್ದಾರೆ. ಅದು ಈಗಷ್ಟೇ ತುಳಸಿಯ ಮುಂದೆ ಹಿಡಿದು ನಿಂತಿದ್ದ ತಂಬಿಗೆ. ಹೋಗಿ ಕುಂಡದ ಮಣ್ಣು ಮುಟ್ಟಿದೆ, ಬೂದಿಯ ಹಾಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ವಾಪಸು ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು, ನೀವು ಗಿಡಕ್ಕೆ ನೀರು ಹಾಕುತ್ತಿಲ್ಲವಾ ಎಂದು ಕೇಳಿದೆ. ಅತ್ತೆ ತಂಬಿಗೆಯನ್ನು ಒರೆಸಿ ಮಗುಚಿಟ್ಟರು.

"ಅವಗ ಏನಾಗೇದ ನನಗ ಗೊತ್ತದ," ಎಂದರು. "ಹೊಟ್ಟಿಹುಣ್ಣಿಗೆ ಯಾರೂ ಮಂಚ ಕೆಳಗ ತಂದು ಹಾಕೂದಿಲ್ಲ."

ಅವರೇ ಮುಂದುವರಿಸಿದರು.

"ಮನ್ಯಾಗ ಯಾರಿಗರೆ ಕೆಟ್ಟದ್ದು ಬರೂದಿದ್ರ ತುಳಸಿ ತನ್ನ ಮ್ಯಾಲೆ ಹಾಕ್ಕೊಂಡು ಒಣಗತದ. ನನ್ನ ತಮ್ಮ ಹೋದಾಗ ಸುದ್ದಿ ಹೇಳಲಿಕ್ಕೆ ಒಣಗಿತು ಅಂದುಕೊಂಡಿದ್ದೆ. ಹಂಗಲ್ಲ, ಅದು ಅವನ ಸಲುವಾಗಿ ಹೋತು, ಆದ್ರ ತಡಾ ಆಗಿತ್ತು. ಈ ಸಲ ತಡಾ ಆಗಬಾರದು ಅಂತ ನಾನ ನೀರು ಹಾಕೂದು ಬಿಟ್ಟೆ. ಅದು ಹೋಗಲಿಕ್ಕೆ ಹತ್ತಿದ ಕೂಡಲೆ ನೀ ಹೊಸದು ತಂದಿಡತೀ. ಹೋಗಲಿಕ್ಕೇ ಬಿಡವಲ್ಲಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಚಳಿಗಾಲವಿಡೀ ನಮ್ಮ ಮನೆಯಲ್ಲಿ ಅದೇ ನಡೆದಿತ್ತು. ನಾನು ಊರೆಲ್ಲ ಅಲೆದು ತಂದದ್ದನ್ನು ಅವರು ಕೂತಲ್ಲೇ ಒಣಗಿಸುತ್ತಿದ್ದರು. ಏನಾದರೂ ಕಟುವಾಗಿ ಅನ್ನಬೇಕೆಂದು, ತುಳಸಿ ಕೊಂದ ಪಾಪ ಬರುವುದಿಲ್ಲವೇ ಎಂದು ಕೇಳಿದೆ.

"ಬರಲಿ. ಅದು ನನಗ ಬರ್ತದ, ಅವಗ ಬರೂದಿಲ್ಲ."

ಆ ಬೆಳಿಗ್ಗೆ ನಾನು ನೀರು ಹಾಕಲು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ನಂಬಿದೆನೋ ಇಲ್ಲವೋ, ಆಸ್ಪತ್ರೆಯವರು ಇನ್ನು ಮನೆಯಲ್ಲೇ ಆರಾಮಾಗಿರಲಿ ಎಂದು ಕೈಬಿಟ್ಟ ಮೇಲೆ ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ದಿನವೂ ಗಿಡದ ಎಲೆ ನೋಡುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆದರೆ ಗಿಡ ಒಣಗಲೊಲ್ಲದು. ಎಲೆ ತುಸು ಬಾಡಿ ಮತ್ತೆ ನೆಟ್ಟಗಾಗುತ್ತಿತ್ತು. ಮಣ್ಣು ಮುಟ್ಟಿದರೆ ತಂಪು. ನಾನು ಅತ್ತೆಯ ಮೇಲೆ ಸಂಶಯಪಟ್ಟೆ, ಅವರು ನನ್ನ ಮೇಲೆ. ಕೊನೆಗೆ ಒಂದು ಮಧ್ಯಾಹ್ನ, ಇವರಿಗೆ ಗಂಜಿ ತೆಗೆದುಕೊಂಡು ಹೋದಾಗ ಬಾಗಿಲಲ್ಲೇ ಕಂಡೆ. ದಿಂಬಿಗೆ ಒರಗಿದ್ದ ಇವರು ಕುಡಿಯಲೆಂದು ಇಟ್ಟಿದ್ದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಹನಿ ಚೆಲ್ಲದಂತೆ ಕುಂಡಕ್ಕೆ ಬಗ್ಗಿಸುತ್ತಿದ್ದರು.

"ಒಣಗಲಿಕ್ಕೆ ಹತ್ತೇದ," ಎಂದರು ನನ್ನನ್ನು ನೋಡಿ. "ಅವ್ವ ನೋಡಿದರ ಹೆದರತಾಳ."

ಗಂಜಿ ಕುಡಿಸಿದೆ. ಬಾಯಿ ಒರೆಸಿದೆ. ಅವರಿಗೆ ಮಂಪರು ಬಂದ ಮೇಲೆ ಕುಂಡವನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಹಿಂದೆ, ವಾಷಿಂಗ್ ಮಷಿನ್ ಇದ್ದ ಮೂಲೆಯಲ್ಲಿಟ್ಟೆ. ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು ಗಿಡ ಎಲ್ಲದ ಎಂದು. ಹಿತ್ತಲಿನಲ್ಲಿ ಬಿಸಿಲಿಗೆ ಇಟ್ಟಿದ್ದೇನೆ, ಚೆನ್ನಾಗಿ ಚಿಗುರುತ್ತಿದೆ ಎಂದೆ. ಅವ್ವಗ ತೋರಿಸು ಎಂದು ಹೇಳಿ ಗೋಡೆಯ ಕಡೆ ಹೊರಳಿದರು.

ಕತ್ತಲ ಮೂಲೆಯಲ್ಲಿ ಗಿಡ ಬೇಗ ಹೋಯಿತು. ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಕೂಗಿ ಕರೆದರು. ಎಲೆಯೆಲ್ಲ ಉದುರಿ ಕಾಂಡ ಕಪ್ಪಾಗಿತ್ತು. ಉಗುರಿನಿಂದ ಕೆರೆದು ನೋಡಿದೆವು, ಒಳಗೆ ಎಲ್ಲೂ ಹಸಿರಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡರು, ಮದುವೆಯಾದ ಇಷ್ಟು ವರ್ಷಗಳಲ್ಲಿ ಅದೇ ಮೊದಲು. ನಮಗೆ ಸಂತೋಷವಾಯಿತು. ಹೇಳಲು ಭಯವಾಗುತ್ತದೆ, ಆದರೆ ಆದದ್ದು ಸಂತೋಷವೇ. ಅತ್ತೆ ತುಪ್ಪ ಸುರಿದು ಶಿರಾ ಮಾಡಿದರು. ಚಮಚದ ತುದಿಯಲ್ಲಿ ಇವರ ನಾಲಗೆಗೆ ಮುಟ್ಟಿಸಿದಾಗ, ಇವತ್ತು ಏನು ವಿಶೇಷ ಎಂದು ಕೇಳಿದರು. ಯುಗಾದಿ ಹತ್ತಿರ ಬಂತಲ್ಲಪಾ ಎಂದರು ಅತ್ತೆ. ಆ ದಿನ ಇವರಿಗೆ ನೋವೂ ಕಡಿಮೆಯಿತ್ತು. ನಾನು ಸಿಹಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಯುಗಾದಿಗೆ ಮೊದಲೇ ಇವರು ಹೋದರು.

ಅತ್ತೆ ಆಮೇಲೆ ತುಳಸಿಯ ಮಾತೇ ಎತ್ತಲಿಲ್ಲ. ಖಾಲಿ ಕುಂಡ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು. ನಾವಿಬ್ಬರೂ ಒಂದೇ ಮನೆಯಲ್ಲಿ ಉಂಡು, ಮಲಗಿ, ಟಿವಿ ನೋಡಿ ಒಂದು ವರ್ಷ ಕಳೆದೆವು. ಮರುವರ್ಷ ಮಾರ್ಚಿನಲ್ಲಿ ಒಂದು ಶನಿವಾರ ಅವರು ಶಾಲು ಹೊದ್ದು, ಸಾಕ್ಸ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಂವ ಗಿಡ ತರತಿದ್ದ ಜಾಗಾ ತೋರಿಸು ಎಂದರು. ಮಗ ವರ್ಷವರ್ಷವೂ ಗಿಡ ಬದಲಾಯಿಸುತ್ತಿದ್ದದ್ದು ಮೊದಲಿನಿಂದಲೂ ಗೊತ್ತಿತ್ತು ಎನ್ನುವುದನ್ನು ಹೇಳಲು ಅವರಿಗೆ ಅಷ್ಟೇ ಸಾಕಾಯಿತು.

ರೈಲಿನಲ್ಲಿ ಹೋದೆವು. ಸಿಸಿಲಿಯ ಮುದುಕ ನನ್ನನ್ನು ಗುರುತಿಸಿ, ಯಾರ ಸುದ್ದಿಯನ್ನೂ ಕೇಳದೆ ನೇರವಾಗಿ ಒಳಗೆ ಕರೆದುಕೊಂಡು ಹೋದ. ಹೀಟರಿನ ಹತ್ತಿರದ ಬೆಂಚಿನ ಮೇಲೆ ಒಂದು ಟ್ರೇ ತುಂಬ ತುಳಸಿ ಸಸಿಗಳು ಎದ್ದಿದ್ದವು. ನಿನ್ನ ಗಂಡನಿಗೆ ಹೇಳು, ಈ ವರ್ಷ ಒಂದೂ ಹಾಳಾಗಲಿಲ್ಲ ಎಂದ. ನಾನು ಹೇಳಬೇಕಾದ್ದನ್ನು ಹೇಳಿದೆ. ಅವನು ಟೋಪಿ ತೆಗೆದ. ಆಮೇಲೆ ಅತ್ತೆಯ ಕಡೆ ನೋಡಿ, ಇವರೇನಾ ಆ ಅಮ್ಮ ಎಂದು ಕೇಳಿದ. ಹೌದೆಂದೆ. ಅವನು ಇಬ್ಬರನ್ನೂ ಅಲ್ಲೇ ಬಿಟ್ಟು ಹೊರಗೆ ಹೋದ.

ಅತ್ತೆ ಟ್ರೇಯ ಒಂದು ಮೂಲೆಯಲ್ಲಿ ಬೆರಳು ಒತ್ತಿ ನೋಡಿದರು. ಹೀಟರಿನ ಬಿಸಿಗೆ ಮಣ್ಣಿನ ಮೇಲ್ಪದರ ಒಣಗಿತ್ತು. ಬೆಂಚಿನ ಕೆಳಗೆ ನೀರಿನ ಕ್ಯಾನ್ ಇತ್ತು. ನಾನು ಬೇಡ ಎನ್ನುವಷ್ಟರಲ್ಲಿ ಅವರು ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು, ನಡು ಹಿಡಿದಿದ್ದರೂ ಬಗ್ಗಿ, ಒಂದೊಂದೇ ಸಸಿಯ ಬುಡಕ್ಕೆ ನಿಧಾನವಾಗಿ ಹಾಕತೊಡಗಿದರು.

"ಕುಡೀರವ್ವಾ," ಎನ್ನುತ್ತಿದ್ದರು. "ಹೊಟ್ಟಿ ತುಂಬ ಕುಡೀರಿ."

ಕ್ಯಾನ್ ಖಾಲಿಯಾದಾಗ ನನ್ನ ಕೈಗೆ ಕೊಟ್ಟರು. ನಾನು ನಲ್ಲಿಯಲ್ಲಿ ತುಂಬಿಸಿ ತಂದುಕೊಟ್ಟೆ. ಕೊನೆಯ ಸಾಲು ಮುಗಿಯುವವರೆಗೂ ಅವರ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಒಂದು ಗಿಡವನ್ನೂ ಕೊಳ್ಳದೆ ಸ್ಟೇಷನ್ನಿನ ಕಡೆ ನಡೆದೆವು.