ಅತ್ತೆಯ ಬೆರಳು, ಪಟ್ಟಿಯ ಎಲೆಕ್ಟ್ರೋಡು

ಹೊಸಕೋಟೆ ಬಸ್ ನಿಲ್ದಾಣದಲ್ಲಿ ಹಲಸಿನ ಹಣ್ಣಿನ ಗಾಡಿ ಕಂಡರೆ ನಿಮ್ಮ ಬಾಯಲ್ಲಿ ನೀರೂರಬಹುದು. ನನ್ನ ಎದೆ ಹೊಡೆದುಕೊಳ್ಳುತ್ತದೆ. ಇವತ್ತು ಸಂಜೆಯೂ ಹಾಗೇ ಆಯಿತು. "ತಗಳಿ ಮೇಡಂ, ಜೇನು ಇದ್ದಂಗೈತೆ" ಎಂದು ಗಾಡಿಯವನು ತೊಳೆಯೊಂದನ್ನು ಚಾಚಿದ. ಬೇಡವೆಂದು ಸೂಲಿಬೆಲೆ ಬಸ್ಸಿನೊಳಗೆ ನುಗ್ಗಿ ಕೂತೆ. ಹಲಸಿಗೆ ಹೆದರಿ ಓಡಿದವಳನ್ನು ಅವನು ಹಿಂದೆ ಕಂಡಿರಲಾರ.

ನಾನು ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಬೋರ್ಡಿನ ಮೇಲೆ ಎರಡು ಬೀಕರ್ ಬರೆದು, ಒಂದರಲ್ಲಿ ಸತುವಿನ ಪಟ್ಟಿ, ಇನ್ನೊಂದರಲ್ಲಿ ತಾಮ್ರದ ಪಟ್ಟಿ ಇಳಿಬಿಟ್ಟು, "ಇವೇ ಎಲೆಕ್ಟ್ರೋಡುಗಳು" ಎನ್ನುತ್ತೇನೆ. ಸತು ಕರಗುತ್ತಾ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಅವು ತಂತಿಯಲ್ಲಿ ಹರಿದು ತಾಮ್ರದ ಕಡೆ ಹೋಗುತ್ತವೆ. ದ್ರಾವಣದ ಒಳಗೆ ನಡೆಯುವುದು ಹೊರಗೆ ವಿದ್ಯುತ್ತಾಗಿ ಬರುವುದು ಈ ಪಟ್ಟಿಗಳ ಮೈಮೇಲೆಯೇ. ನನ್ನ ಬೀಕರುಗಳು ಸೋರೆಕಾಯಿಯಂತಿವೆ ಎಂದು ಹಿಂದಿನ ಬೆಂಚಿನಲ್ಲಿ ನಗುತ್ತಾರೆ. ಅದೂ ನಿಜವೇ.

ಅತ್ತೆಗೆ ಸಕ್ಕರೆ ಕಾಯಿಲೆ ಬಂದು, ಮನೆಗೆ ರಕ್ತ ನೋಡುವ ಮಿಷನ್ನು ಬಂದಾಗ ಅವರೂ ನನ್ನ ವಿದ್ಯಾರ್ಥಿನಿಯಾದರು.

"ಒಂದ್ ತೊಟ್ಟು ರಕ್ತದಾಗೆ ಇದು ಹೆಂಗಮ್ಮಣ್ಣಿ ಕಂಡುಹಿಡೀತದೆ?"

"ರಕ್ತ ತಾಗಿಸೋ ಈ ಪಟ್ಟೀಲೂ ಸಣ್ಣ ಸಣ್ಣ ಎಲೆಕ್ಟ್ರೋಡ್ ಇವೆ ಅತ್ತೆ. ಅದರ ಮೇಲಿರೋ ಔಷಧಿ ಸಕ್ಕರೆಯಿಂದ ಎಲೆಕ್ಟ್ರಾನ್ ಬಿಡಿಸುತ್ತೆ. ಎಲೆಕ್ಟ್ರೋಡ್ ಅದನ್ನ ಮಿಷನ್ನಿಗೆ ದಾಟಿಸುತ್ತೆ. ಸಕ್ಕರೆ ಜಾಸ್ತಿ ಇದ್ರೆ ಕರೆಂಟೂ ಜಾಸ್ತಿ."

"ಹಂಗಾದ್ರೆ ಕರೆಂಟ್ ಹೋದಾಗ ನನ್ನೇ ಬಲ್ಬಿಗೆ ಸಿಗಿಸ್ಬಿಡ್ರಮ್ಮ!"

ಕಳೆದ ಬೇಸಿಗೆಯ ಒಂದು ಭಾನುವಾರ. ಹಿತ್ತಲ ಮರದ ಹಲಸು ಹಣ್ಣಾಗಿತ್ತು. ಅತ್ತೆ ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು, ಅಕ್ಕಪಕ್ಕದವರಿಗೆ ಹಂಚಲೆಂದು ತೊಳೆ ಬಿಡಿಸುತ್ತಾ ಕೂತಿದ್ದರು. ಮಧ್ಯಾಹ್ನ ನಾನು ಮಹಡಿಯಿಂದ ಒಣಗಿದ ಬಟ್ಟೆ ತರುವಷ್ಟರಲ್ಲಿ ಅವರು ಗೋಡೆಗೆ ಒರಗಿದ್ದರು. ಮೈಯೆಲ್ಲ ಬೆವರು, ತುಟಿ ನಡುಗುತ್ತಿತ್ತು. ನಮ್ಮ ಯಜಮಾನರು ಆಗಲೇ ಅವರ ಬೆರಳು ಚುಚ್ಚಿ ನೋಡಿದ್ದರು.

"ನಾನೂರು ದಾಟೈತೆ ಕಣೇ! ಕದ್ದು ಹಣ್ಣು ತಿಂದವ್ಳೆ ಅಮ್ಮ!"

"ಒಂದ್ ತೊಳೇನೂ ಬಾಯಿಗೆ ಹಾಕ್ಕಂಡಿಲ್ಲ ಕಣಪ್ಪಾ..." ಅತ್ತೆಯ ಮಾತು ತೊದಲಿತು.

"ಮಿಷನ್ನು ಸುಳ್ಳು ಹೇಳ್ತದಾ?" ಎಂದು ಅವರು ಫ್ರಿಜ್ಜಿನತ್ತ ಓಡಿದರು. ಸಕ್ಕರೆ ಇಷ್ಟು ಏರಿದರೆ ಇನ್ನಷ್ಟು ಇನ್ಸುಲಿನ್ ಕೊಡಬೇಕೆಂದು ಡಾಕ್ಟರು ಹೇಳಿಟ್ಟಿದ್ದರು. ಆದರೆ ಬೆವರಿ ನಡುಗುವುದು ಸಕ್ಕರೆ ಇಳಿದಾಗ ಎಂದು ಹೇಳಿದ್ದವರೂ ಅವರೇ. ಯಾವುದನ್ನು ನಂಬಲಿ? ಅತ್ತೆಯ ಕೈ ಹಿಡಿದೆ. ನನ್ನ ಬೆರಳು ಅವರ ಬೆರಳಿಗೆ ಅಂಟಿಕೊಂಡಿತು. ಹಲಸಿನ ರಸ!

ಎಲೆಕ್ಟ್ರೋಡಿಗೆ ಗೊತ್ತಾಗುವುದು ತನ್ನ ಮೈಗೆ ತಾಗಿದ್ದು ಮಾತ್ರ. ಸಕ್ಕರೆ ರಕ್ತದ್ದೋ, ಬೆರಳ ತುದಿಯದ್ದೋ ಅದು ಕೇಳುವುದಿಲ್ಲ.

"ರೀ, ಚುಚ್ಚಬೇಡಿ! ಕೈ ತೊಳೆದು ಇನ್ನೊಂದ್ಸಲ ನೋಡೋಣ."

"ಇನ್ನೊಂದ್ಸಲ ನೋಡೋ ಹೊತ್ತಾ ಇದು? ಅಮ್ಮ ಕಣ್ಣು ಮುಚ್ತಾವ್ಳೆ!"

ನನ್ನ ಊಹೆ ತಪ್ಪಾಗಿದ್ದರೆ ಕಳೆದುಹೋಗುತ್ತಿದ್ದ ಹೊತ್ತು ಅತ್ತೆಯದು. ಆ ಭಯದಲ್ಲೇ ಚೊಂಬಿನ ನೀರು ಸುರಿದು, ಸೋಪು ಹಚ್ಚಿ ಬೆರಳು ತಿಕ್ಕಿ, ಒರೆಸಿ, ಹೊಸ ಪಟ್ಟಿ ಸಿಗಿಸಿದೆ. ಸಿರಿಂಜು ಹಿಡಿದು ಯಜಮಾನರು ತಲೆಯ ಮೇಲೇ ನಿಂತಿದ್ದರು. ಮಿಷನ್ನು ಸೆಕೆಂಡುಗಳನ್ನು ಇಳಿಸತೊಡಗಿತು. ವರ್ಷಗಟ್ಟಲೆ ಪಾಠ ಮಾಡಿದವಳು ಆ ಕ್ಷಣದಲ್ಲಿ ದೇವರೇ ದೇವರೇ ಎನ್ನುತ್ತಿದ್ದೆ.

ನಲವತ್ತೈದು.

ಯಜಮಾನರ ಕೈಯಿಂದ ಸಿರಿಂಜು ಜಾರಿತು. ಸಕ್ಕರೆ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಮೊದಲು ಗಲ್ಲದ ಮೇಲೆ ಹರಿಯಿತು, ಆಮೇಲೆ ಗಂಟಲಿಗೆ ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣರಳಿಸಿ ಮಗನನ್ನು ನೋಡಿದರು.

"ತಿಂದಿಲ್ಲ ಅಂದ್ನಲ್ಲಪ್ಪಾ..."

ಹಣ್ಣನ್ನಷ್ಟೇ ಅಲ್ಲ, ಬೆಳಗಿನ ಇನ್ಸುಲಿನ್ ಆದ ಮೇಲೆ ಅವರು ಏನನ್ನೂ ತಿಂದಿರಲಿಲ್ಲ. ಎಲ್ಲರಿಗೂ ಹಂಚಿ ಆದ ಮೇಲೆ ಉಂಡರಾಯಿತೆಂದು ಮುದ್ದೆಯನ್ನು ಮುಚ್ಚಿಟ್ಟಿದ್ದರು. ಯಜಮಾನರು ಅವರ ಪಾದ ಹಿಡಿದು ಕೂತು ಮಗುವಿನಂತೆ ಅತ್ತರು. ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಎಲ್ಲ ಕೇಳಿ, ಆ ಸಿರಿಂಜು ಚುಚ್ಚಿದ್ದರೆ ಅತ್ತೆ ಉಳಿಯುವುದು ಕಷ್ಟವಿತ್ತು ಎಂದರು.

ಇವತ್ತು ನಾನು ಮನೆ ಸೇರುವಾಗ ಅತ್ತೆ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಕಾಯುತ್ತಿದ್ದರು. ಯಜಮಾನರು ಬೆರಳು ಚುಚ್ಚಿ ಪಟ್ಟಿಗೆ ತಾಗಿಸಿದರು. ಅಂಕಿ ಬರುವ ತನಕದ ಆ ಹೊತ್ತನ್ನು ಸಹಿಸುವುದು ನನಗಿನ್ನೂ ಅಭ್ಯಾಸವಾಗಿಲ್ಲ. ಮೊದಲೆಲ್ಲ ಮಿಷನ್ನನ್ನೇ ದಿಟ್ಟಿಸುತ್ತಿದ್ದೆ. ಈಗ ಅತ್ತೆಯ ಮುಖ ನೋಡುತ್ತೇನೆ.

"ಹೆಂಗನ್ನಿಸ್ತೈತಮ್ಮಾ?" ಎಂದರು ಯಜಮಾನರು.

"ಹಸಿವು ಕಣಪ್ಪಾ."

ಮಿಷನ್ನು ಕುಂಯ್ ಎಂದಿತು. ಯಜಮಾನರು ಅದರತ್ತ ತಿರುಗಲಿಲ್ಲ. ಎದ್ದು ಹೋಗಿ ಮೊದಲು ತಟ್ಟೆ ತಂದರು.