ಒಂಬತ್ತು ಇಂಚಿನ ಚೌಕಗಳು

ನಮ್ಮತ್ತೆ ಗುಂಡುಪಿನ್ನು ಎಣಿಸಿಡುವ ಹೆಂಗಸು. ಉಪ್ಪುಖಾರ ಹಚ್ಚಿ ಹೇಳುತ್ತಿಲ್ಲ. ತಿಂಗಳಲ್ಲಿ ಹದಿನೈದು ದಿನ ಅವರಿಗೆ ನಮ್ಮ ಮನೆ, ಹದಿನೈದು ದಿನ ಮಗಳ ಮನೆ, ಅಂದರೆ ನನ್ನ ನಾದಿನಿಯ ಮನೆ. ನಡುವೆ ಎರಡು ಬಸ್ಸು. ಹೊರಡುವ ದಿನ ಚೀಲವನ್ನು ಬಾಗಿಲಲ್ಲಿಟ್ಟು, ಚಪ್ಪಲಿ ಮೆಟ್ಟುವ ಮೊದಲು, ಹೊಲಿಗೆ ಡಬ್ಬಿ ತೆಗೆದು ನನ್ನೆದುರೇ ಎಣಿಸುತ್ತಾರೆ. ಇಪ್ಪತ್ತೇಳಿದೆ ಎಂದು ಹೇಳಿ ನನ್ನ ಮುಖ ನೋಡುತ್ತಾರೆ. ನಾನೋ ಹದಿನೆಂಟು ವರ್ಷದಿಂದ ಈ ಮನೆಯ ಸೊಸೆ, ಕಿತ್ತುಬಂದ ಗುಂಡಿಯನ್ನು ನೆಟ್ಟಗೆ ಹಚ್ಚಲೂ ಬಾರದವಳು. ಆ ಪಿನ್ನು ಕದ್ದು ನಾನೇನು ತಲೆಗೆ ಮುಡಿಯಲೇ?

ಈ ಅನುಮಾನ ಅವರ ಹುಟ್ಟುಗುಣವಲ್ಲ, ಕಸುಬು ಕಲಿಸಿದ್ದು. ನಲವತ್ತು ವರ್ಷ ರಸ್ತೆ ಮೂಲೆಯ ಒಂದೇ ಕೋಣೆಯ ಅಂಗಡಿಯಲ್ಲಿ ಟೈಲರ್ ಆಗಿದ್ದವರು. ಟೈಲರ್ ಅಂದಮೇಲೆ ಬಟ್ಟೆ ಕದಿಯುತ್ತಾರೆ ಎಂದು ಊರಿಗೆಲ್ಲ ಗುಮಾನಿ. ಮೂರು ಮೀಟರ್ ಕೊಟ್ಟಿದ್ದೆನಲ್ಲ, ಉಳಿದದ್ದೆಲ್ಲಿ ಎಂದು ಕೇಳದ ಗಿರಾಕಿಯೇ ಇರಲಿಲ್ಲವಂತೆ. ಅದಕ್ಕೇ ಅತ್ತೆ ಅಂಗೈಯಗಲದ ಚೂರನ್ನೂ ಮಡಚಿ, ಹೆಸರಿನ ಚೀಟಿ ಚುಚ್ಚಿ ವಾಪಸು ಕೊಡುತ್ತಿದ್ದರು. ನೀವೇ ಇಟ್ಟುಕೊಳ್ಳಿ ಎಂದು ಗಿರಾಕಿ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಅವರ ಟ್ರಂಕು ಸೇರುತ್ತಿತ್ತು. ಅಳತೆ ಸರಿಯಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಟೇಪನ್ನು ಮೇಜಿನ ಮೇಲೆ ಉದ್ದಕ್ಕೆ ಬಿಚ್ಚಿಟ್ಟು ಒಂದೇ ಮಾತು ಆಡುತ್ತಿದ್ದರು.

"ಟೇಪು ಸುಳ್ಳು ಹೇಳಲ್ಲ. ಹೇಳೋದು ಮನುಷ್ಯರು."

ಅಂಗಡಿ ಮುಚ್ಚಿದ ಮೇಲೆ ಮಗ ಮಗಳಿಬ್ಬರೂ ನನ್ನ ಹತ್ತಿರ ಇರು, ನನ್ನ ಹತ್ತಿರ ಇರು ಎಂದು ಜಗ್ಗಾಡಿದರು. ಕೊನೆಗೆ ಹದಿನೈದು ದಿನದ ಲೆಕ್ಕಕ್ಕೆ ಅತ್ತೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಎರಡೂ ಮನೆಯಲ್ಲಿ ಹೊಲಿಗೆ ಸಾಮಾನು ಪೂರ್ತಿ ಇರಬೇಕು, ತಾನು ಬಸ್ಸಿನಲ್ಲಿ ಕತ್ತರಿ ಹೊತ್ತುಕೊಂಡು ತಿರುಗುವವಳಲ್ಲ. ಹಾಗಾಗಿ ಎರಡು ಮಷಿನು, ಎರಡು ಕತ್ತರಿ, ಎರಡು ಪಿನ್ನಿನ ಡಬ್ಬಿ, ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದ ಎರಡು ಹಳದಿ ಟೇಪು. ಯಾವ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂದು ಬರೆದಿಡಲು ಒಂದು ನೋಟ್‌ಬುಕ್ಕು. 'ದಿಂಬಿನ ಚೀಲ, ಅಲ್ಲಿ, ಒಂದು ಬದಿ ಬಾಕಿ. ಪರದೆ, ಇಲ್ಲಿ, ಅಂಚು ಮಡಚಬೇಕು.' ಆ ನೋಟ್‌ಬುಕ್ಕಿಗೂ ರಬ್ಬರ್ ಬ್ಯಾಂಡು, ಎರಡು ಸುತ್ತು. ಮೂರು ಸುತ್ತಿದ್ದರೆ ಯಾರೋ ತೆಗೆದು ನೋಡಿದ್ದಾರೆ ಎಂದರ್ಥ.

ಈ ವರ್ಷ ನಾದಿನಿಯ ಮಗಳು ಬಸುರಿಯಾದಳು. ಹುಟ್ಟುವ ಮಗುವಿಗೆ, ಬಾಣಂತಿಗೆ ಒಟ್ಟಿಗೆ ಹೊದೆಯಲು ಅತ್ತೆ ಟ್ರಂಕು ತೆಗೆದು ಕೌದಿ ಹೊಲಿಯಲು ಕೂತರು. ನಲವತ್ತೆಂಟು ಚೌಕ, ಒಂದೊಂದು ಒಂಬತ್ತು ಇಂಚು. ಇಪ್ಪತ್ನಾಲ್ಕನ್ನು ಇಲ್ಲಿ ಕತ್ತರಿಸಿದರು, ಇಪ್ಪತ್ನಾಲ್ಕನ್ನು ಅಲ್ಲಿ. ಕತ್ತರಿಸುವಾಗ ನನಗೆ ಪರಿಚಯ ಮಾಡಿಸುತ್ತಿದ್ದರು. ಈ ನೀಲಿ ಪೋಸ್ಟ್‌ಮನ್ನನ ಹೆಂಡತಿಯದು, ಈ ಗೆರೆಯದು ಮೂಗಿನ ತುದಿಯಲ್ಲೇ ಕೋಪ ಇದ್ದ ಒಬ್ಬ ಮೇಷ್ಟ್ರದು, ಈ ಹಸಿರು ಮೂರು ಸಲ ಅಳತೆ ಕೊಟ್ಟು ಮೂರು ಸಲವೂ ಉಸಿರು ಬಿಗಿಹಿಡಿದ ದಪ್ಪಮ್ಮನದು.

ಮೂರನೇ ತಿಂಗಳು ಅಲ್ಲಿಯ ಕಟ್ಟನ್ನು ಇಲ್ಲಿಗೆ ತಂದು ಜೋಡಿಸಲು ಕೂತಾಗ ಶುರುವಾಯಿತು ನೋಡಿ. ಅಂಚಿಗೆ ಅಂಚು ಕೂರುತ್ತಿಲ್ಲ. ಅಳೆದರೆ ಇಲ್ಲಿಯವು ಸರಿಯಾಗಿ ಒಂಬತ್ತು, ಅಲ್ಲಿಯವು ಹತ್ತು. ಅತ್ತೆ ಕನ್ನಡಕ ಒರೆಸಿ ಮತ್ತೆ ಅಳೆದರು. ಇದು ನಾನು ಕತ್ತರಿಸಿದ್ದೇ ಅಲ್ಲ, ನನ್ನವನ್ನು ಹಾಳುಮಾಡಿ ಬೇರೆ ಕತ್ತರಿಸಿಟ್ಟಿದ್ದಾಳೆ ನನ್ನ ಮಗಳು ಎಂದರು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ನಾದಿನಿಗೆ ಎಲ್ಲದರಲ್ಲೂ ಕೈಯಾಡಿಸುವ ಚಟ ಇದೆ ಎಂದು ನಾನೂ ಒಂದು ಮಾತು ಸೇರಿಸಿದೆ.

ಹದಿನೈದು ದಿನ ಕಳೆದು ಅಲ್ಲಿಂದ ಫೋನು ಬಂತು. ನಾದಿನಿ ಬೆಂಕಿ ಕಾರುತ್ತಿದ್ದಳು. ಎರಡೂ ಕಟ್ಟನ್ನು ಅಲ್ಲಿಗೆ ಒಯ್ದು ಅಳೆದರೆ ಅಲ್ಲಿಯವು ಒಂಬತ್ತೇ ಇವೆಯಂತೆ, ನಮ್ಮನೆಯವು ಎಂಟಂತೆ! ಅಮ್ಮ ಕತ್ತರಿಸಿಟ್ಟಿದ್ದನ್ನು ಒಂದಿಂಚು ಸವರಿ ಇಡುವಷ್ಟು ಹೊಟ್ಟೆಕಿಚ್ಚು ಯಾಕೆ, ಕೌದಿ ನನ್ನ ಮಗಳಿಗೆ ಅಂತಲೇ ಎಂದು ಕೇಳಿದಳು. ನನ್ನ ಮೈ ಉರಿದುಹೋಯಿತು. ಕತ್ತರಿ ಹಿಡಿಯಲೂ ಬಾರದ ನಾನು ಇಪ್ಪತ್ನಾಲ್ಕು ಚೌಕವನ್ನು ಕೂದಲೆಳೆಯಷ್ಟೂ ಸೊಟ್ಟವಾಗದಂತೆ ಸವರಿದೆನಂತೆ! ಬಾಯಿಗೆ ಬಂದದ್ದನ್ನೆಲ್ಲ ಅಂದು ಫೋನಿಟ್ಟೆ. ಆವತ್ತಿನಿಂದ ಎರಡು ಮನೆಗೂ ಮಾತು ನಿಂತಿತು. ಅತ್ತೆ ಮಾತ್ರ ಹೋಗುತ್ತಿದ್ದರು, ಬರುತ್ತಿದ್ದರು. ಇಲ್ಲಿ ಅವಳ ಮೇಲೆ ಗುಮಾನಿ, ಅಲ್ಲಿ ನನ್ನ ಮೇಲೆ. ಚೌಕಗಳಿಗೆ ದಿಂಬಿನ ಚೀಲ ಹಾಕಿ ಮೂರು ಗಂಟು ಬಿಗಿದರು, ಗಂಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಗೆರೆ ಒಂದು ದಿನವೂ ಅಳಿಸಲಿಲ್ಲ, ಅಳತೆ ಒಂದು ದಿನವೂ ಕೂಡಲಿಲ್ಲ.

ನನಗೂ ಅನುಮಾನದ ರೋಗ ಅಂಟಿತು. ಅತ್ತೆ ಬಚ್ಚಲಿಗೆ ಹೋದಾಗ ಇವರು, ಅಂದರೆ ನನ್ನ ಗಂಡ, ಡಬ್ಬಿಯ ಹತ್ತಿರ ಯಾಕೆ ನಿಂತರು? ನನ್ನ ಮಗಳು ಶಾಲೆಯ ಕಸೂತಿಗೆ ಚೂರು ಎತ್ತಿಕೊಂಡಳೇ? ಅದರ ಮೇಲೆ, ಅತ್ತೆ ನನಗೆ ಹೊಲಿದುಕೊಟ್ಟ ಅಂಗಿ ಎದೆಯ ಹತ್ತಿರ ಬಿಗಿಯುತ್ತಿತ್ತು. ಬೇಕಂತಲೇ ಬಿಗಿ ಹೊಲಿದರೋ, ನಾನೇ ಊದಿಕೊಂಡೆನೋ ಗೊತ್ತಾಗದೆ ಒಂದು ತಿಂಗಳು ಸಂಜೆಯ ತಿಂಡಿ ಬಿಟ್ಟೆ.

ಹೋದ ಸಲ ಅಲ್ಲಿಂದ ಬಂದಾಗ ಅತ್ತೆ ಚೀಲ ಇಟ್ಟವರೇ ಒಂದು ಚೌಕ ತೆಗೆದು ಅಳೆದರು. ಟೇಪು ಮಡಚಿದರು. ಆಮೇಲೆ ಯಾರ ಮೇಲೂ ಏನೂ ಅನ್ನಲಿಲ್ಲ. ನಾಲ್ಕು ದಿನ ಡಬ್ಬಿ ಮಷಿನಿನ ಮೇಲೆ ಬಾಯ್ತೆರೆದೇ ಬಿದ್ದಿತ್ತು. ಪಿನ್ನುಗಳು ನೆಲದ ಮೇಲೆ. ನಾನು ಗುಡಿಸಿ ಎತ್ತಿಟ್ಟರೆ ಎಷ್ಟಿವೆ ಎಂದೂ ಕೇಳಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನಗೆ ಅವರನ್ನು ನೋಡಿ ಹೆದರಿಕೆಯಾಯಿತು.

ಐದನೇ ದಿನ ಮಧ್ಯಾಹ್ನ ನಾನೇ ಬಾಯಿಬಿಡಿಸಿದೆ. ಅವರು ನಡೆಸಿದ ಪರೀಕ್ಷೆಯನ್ನು ಹೇಳಿದರು. ಇಲ್ಲಿ ಒಂದು ಚೌಕ ಅಳೆದು, ಹಿಂದೆ ನೀಲಿ ಪೆನ್ಸಿಲಿನಲ್ಲಿ ಒಂಬತ್ತು ಎಂದು ಬರೆದು, ಮಡಚಿ ತಮ್ಮ ಕೈಚೀಲದೊಳಗೆ ಇಟ್ಟುಕೊಂಡಿದ್ದರು. ಆ ಚೀಲವನ್ನು ತಲೆದಿಂಬಿನಡಿ ಇಟ್ಟು ಮಲಗಿದ್ದರು. ಅಲ್ಲಿ ಅಳೆದರೆ ಎಂಟು. ವಾಪಸು ಬಂದು ಅಳೆದರೆ ಒಂಬತ್ತು.

"ಯಾರೂ ಮುಟ್ಟಿಲ್ಲ. ನನ್ನ ತಲೆಯೇ ಹೋಗಿದೆ. ಬರೆದದ್ದೊಂದು, ಕಾಣೋದೊಂದು," ಎಂದರು. "ಇನ್ನು ಹೊಲಿಯಲ್ಲ. ಮಷಿನ್ ರಿಪೇರಿಯವನಿಗೆ ಹೇಳಿದೀನಿ, ನಾಳೆ ಬಂದು ಈ ಮಷಿನ್ ತಗೊಂಡ್ಹೋಗ್ಲಿ, ಆಮೇಲೆ ಅಲ್ಲಿಯದನ್ನೂ."

ಮಗಳ ಎತ್ತರ ಅಳೆಯಲು ಇಟ್ಟುಕೋ ಎಂದು ಟೇಪನ್ನು ನನ್ನ ಕೈಗೆ ಹಾಕಿದರು. ಏನೋ ಸಮಾಧಾನ ಹೇಳುತ್ತಾ ಅದನ್ನು ಬೆರಳಿಗೆ ಸುತ್ತುತ್ತಿದ್ದೆ. ತುದಿಯ ತಗಡಿನ ಮೇಲೆ ಹೆಬ್ಬೆರಳಿಗೆ ಏನೋ ಒರಟಾಗಿ ತಗುಲಿತು. ಇಕ್ಕಳದ ಹಲ್ಲಿನ ಗುರುತು.

ಆರು ತಿಂಗಳ ಹಿಂದೆ, ಅತ್ತೆ ಅಲ್ಲಿದ್ದಾಗ, ಇವರ ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಕೆಳಗೆ ಈ ಟೇಪಿನ ತುದಿ ಇದ್ದದ್ದು ನೋಡಲಿಲ್ಲ. ಸುಟ್ಟು ಮುರುಟಿಹೋಯಿತು. ಪಿನ್ನು ಎಣಿಸುವವರು ಇದನ್ನು ಬಿಡುತ್ತಾರೆಯೇ ಎಂದು ಹೆದರಿ, ಸುಟ್ಟಷ್ಟನ್ನು ಕತ್ತರಿಸಿ, ತಗಡನ್ನು ಇಕ್ಕಳದಿಂದ ಕಿತ್ತು ಹೊಸ ತುದಿಗೆ ಒತ್ತಿ ಕೂರಿಸಿದ್ದೆ. ಅಷ್ಟುದ್ದದ ಟೇಪಿನಲ್ಲಿ ಒಂದಿಂಚು ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಹೋದದ್ದು ಮೊದಲನೇ ಇಂಚು ಎಂಬುದು ಹೊಲಿಗೆ ಬಾರದ ತಲೆಗೆ ಹೊಳೆಯಲೇ ಇಲ್ಲ. ಅತ್ತೆಯೋ ನಲವತ್ತು ವರ್ಷದ ರೂಢಿಯಲ್ಲಿ ತುದಿಯನ್ನು ಕಣ್ಣಿನಿಂದ ನೋಡುವುದಿಲ್ಲ, ತಗಡಿಗೆ ಹೆಬ್ಬೆರಳು ಒತ್ತಿ ಎಳೆಯುತ್ತಾರೆ. ಇಲ್ಲಿ ಒಂಬತ್ತು ಅಂತ ಕತ್ತರಿಸಿದ್ದೆಲ್ಲ ಎಂಟೇ. ನನ್ನ ಹಳೆಯ ಅಳತೆ ನೋಡಿ ಕತ್ತರಿಸಿದ ಬಿಗಿ ಅಂಗಿಯೂ ಅದೇ ಟೇಪಿನದು.

ಸುಮ್ಮನಿರಬಹುದಿತ್ತು. ಪೇಟೆಗೆ ಹೋಗಿ ಅಂಥದ್ದೇ ಹಳದಿ ಟೇಪು ತಂದು ಇಟ್ಟರೆ ನಾಳೆಯಿಂದ ಎಲ್ಲವೂ ಸರಿಯಾಗುತ್ತಿತ್ತು. ಹಾಗೆ ಯೋಚಿಸಿದೆ ಕೂಡ, ನಾಚಿಕೆಗೇಡಿಯ ಹಾಗೆ. ಆದರೆ ಎದುರಿಗೆ ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಯಾರದೋ ಕೈ ನೋಡಿದಂತೆ ನೋಡುತ್ತಾ ಕೂತಿದ್ದರು. ನನ್ನಿಂದ ತಡೆಯಲಾಗಲಿಲ್ಲ. ಇಸ್ತ್ರಿ, ಕತ್ತರಿ, ಇಕ್ಕಳ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ.

ನಂಬಿದರೆ ಅವರು ನಮ್ಮತ್ತೆ ಹೇಗಾದಾರು? ಕರುಣೆಗೆ ಕಟ್ಟಿದ ಕಥೆ ಅಂದುಕೊಂಡರೇನೋ. ಮಗಳ ಶಾಲೆಯ ಸ್ಕೇಲು ತಾ ಎಂದರು. ಅದರ ಪಕ್ಕ ಟೇಪನ್ನು ಬಿಚ್ಚಿಟ್ಟರು. ತಗಡಿನ ಹತ್ತಿರ ಕಣ್ಣು ತಂದು ನೋಡಿದರು. ಒಂದು ಇರಬೇಕಾದ ಕಡೆ ಎರಡು ಇತ್ತು. ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡಿದ್ದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ನಾನು ಹೇಳ್ತಿರ್ಲಿಲ್ವಾ, ಟೇಪು ಸುಳ್ಳು ಹೇಳಲ್ಲ ಅಂತ?"

ಮೊದಲು ರಿಪೇರಿಯವನಿಗೆ ಬೇಡ ಎಂದು ಹೇಳಿಸಿದರು. ಆಮೇಲೆ ಎದುರಿಗೇ ಕೂತು ನಾದಿನಿಗೆ ಫೋನು ಮಾಡಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಗುಳಕ್ಕೆ ಕಿವಿಗೊಟ್ಟು ಕಾಯುತ್ತಿದ್ದೆ. ಬಂದದ್ದು ಬಿಕ್ಕಳಿಕೆ.

"ಅತ್ತಿಗೆ, ಅಮ್ಮನಿಗೆ ಮರೆವಿನ ಕಾಯಿಲೆ ಅಂದ್ಕೊಂಡು ಸೋಮವಾರಕ್ಕೆ ಡಾಕ್ಟರ್ ಹತ್ರ ಹೆಸರು ಬರೆಸಿದ್ದೆ," ಎಂದಳು. ಆಮೇಲೆ ಬೈಗುಳವೂ ಬಂತು, ಬಾಕಿ ಉಳಿಸದೆ. ಹೊಟ್ಟೆಗೆ ಹಾಕಿಕೊಂಡೆ.

ಎಂಟಿಂಚಿನದನ್ನು ಒಂಬತ್ತು ಮಾಡಲು ಬರುವುದಿಲ್ಲ. ಹಾಗಾಗಿ ನಾದಿನಿಯ ಮನೆಯ ಇಪ್ಪತ್ನಾಲ್ಕು ಸರಿಯಾದ ಚೌಕಗಳನ್ನೇ ಎಂಟಕ್ಕೆ ಇಳಿಸಬೇಕಾಯಿತು. ಕತ್ತರಿ ನನ್ನ ಕೈಗೆ ಕೊಟ್ಟರು. ನಿನ್ನ ಕೈಯಿಂದಲೇ ಆಗಲಿ ಎಂದರು. ಮೂರು ಮಧ್ಯಾಹ್ನ ಹಿಡಿಯಿತು. ಅತ್ತೆ ಎದುರಿಗೆ ಕೂತು, ನಾನು ಕತ್ತರಿಸಿದ ಪ್ರತಿಯೊಂದನ್ನೂ ಸ್ಕೇಲಿಟ್ಟು ನೋಡಿ, ಸೊಟ್ಟ ಬಂದದ್ದನ್ನು ನನ್ನ ಮುಖಕ್ಕೆ ಹಿಡಿದು, ಜೋಡಿಸುತ್ತಾ ಹೋದರು. ಕೌದಿ ಅಂದುಕೊಂಡದ್ದಕ್ಕಿಂತ ಚಿಕ್ಕದಾಯಿತು. ಕತ್ತರಿಸಿ ಉಳಿದ ಒಂದಿಂಚಿನ ಪಟ್ಟಿಗಳನ್ನು ಸೇರಿಸಿ ಸುತ್ತ ಅಂಚು ಕೊಟ್ಟರು. ಆ ಹೊಲಿಗೆಯಲ್ಲಿ ಒಂದು ಕಡೆಯೂ ಅವರ ಕೈ ಅಲುಗಿಲ್ಲ.

ಹೊರಡುವ ದಿನ ಚೀಲ ಬಾಗಿಲಲ್ಲಿತ್ತು. ಡಬ್ಬಿ ತೆಗೆದರು. ಒಂದೊಂದಾಗಿ ಎಣಿಸಿದರು. ಇಪ್ಪತ್ತಾರಿದೆ ಎಂದು ನನ್ನ ಮುಖ ನೋಡಿದರು. ನಾನು ಮುಟ್ಟಿಲ್ಲ ಎಂದು ಆಣೆ ಮಾಡಲು ಬಾಯ್ತೆರೆಯುವಷ್ಟರಲ್ಲಿ ಹತ್ತಿರ ಬಂದು, ನನ್ನ ಅಂಗಿಯ ಕಾಲರಿಗೆ ಕೈಹಾಕಿದರು. ಬೆಳಿಗ್ಗೆ ಕೊನೆಯ ಪಟ್ಟಿ ಹಿಡಿದುಕೊಟ್ಟಾಗ ನಾನೇ ಅಲ್ಲಿ ಚುಚ್ಚಿಕೊಂಡ ಪಿನ್ನು ಅವರ ಬೆರಳಲ್ಲಿತ್ತು. ಇಪ್ಪತ್ತೇಳು ಎಂದು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಚಪ್ಪಲಿ ಮೆಟ್ಟಿಕೊಂಡರು.